ನಾಟಿ ರಾಗಿ ಬೀಜ ಮಾರಲು ಜೀವವೈವಿಧ್ಯ ಮಂಡಳಿಯ ಅನುಮತಿ ಬೇಕೇ?

ಪ್ರಶ್ನೆ:
ನಾನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದರೂ ದೊಡ್ಡಬಳ್ಳಾಪುರದ ಬಳಿಯ ನಮ್ಮ ಎರಡು ಎಕರೆ ಹೊಲದಲ್ಲಿ ಅಜ್ಜನ ಕಾಲದ ಉಂಡೆ ರಾಗಿಯನ್ನು ಮನೆಯವರು ಇನ್ನೂ ಬಿಟ್ಟಿಲ್ಲ. ಈ ಸಲ ಅಕ್ಕಪಕ್ಕದವರು ಬಿತ್ತನೆಗೆ ಬೀಜ ಕೇಳಿದ್ದಾರೆ. ಮಂಡಳಿಯ ಅನುಮತಿಯಿಲ್ಲದೆ ಮಾರಿದರೆ ದಂಡ ಬೀಳುತ್ತದೆಂದು ಪರಿಚಯದವರೊಬ್ಬರು ಹೆದರಿಸಿದರು. ಇದು ನಿಜವೇ? ನಿಜವಾದರೆ, ತಳಿ ಉಳಿಸಲು ಬಂದ ಕಾನೂನೇ ಆಹಾರ ಭದ್ರತೆಗೆ ತೊಡಕಾಗುವುದಿಲ್ಲವೇ?

ಉತ್ತರ 1:
ಹೆದರಬೇಕಾಗಿಲ್ಲ. ವಾಣಿಜ್ಯ ಬಳಕೆಗಾಗಿ ಜೈವಿಕ ಸಂಪನ್ಮೂಲ ಪಡೆಯುವವರು ರಾಜ್ಯ ಮಂಡಳಿಗೆ ಮೊದಲೇ ತಿಳಿಸಬೇಕೆಂದು 2002ರ ಜೀವವೈವಿಧ್ಯ ಕಾಯ್ದೆಯ 7ನೇ ಪ್ರಕರಣ ಹೇಳುತ್ತದೆಯಾದರೂ, ಸ್ಥಳೀಯ ಜನರನ್ನೂ ಬೆಳೆಗಾರರನ್ನೂ ಅದು ಹೊರಗಿಟ್ಟಿದೆ. ಬೀಜದ ಮಟ್ಟಿಗೆ ನೀವು ನೋಡಬೇಕಾದದ್ದು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ. ಅದರ 39ನೇ ಪ್ರಕರಣದಂತೆ ರೈತರು ಬೀಜವನ್ನು ಉಳಿಸಿಕೊಳ್ಳಬಹುದು, ಹಂಚಬಹುದು, ಮಾರಲೂಬಹುದು. ಈ ಕಾಯ್ದೆಯಡಿ ನೋಂದಾಯಿಸಿದ ಸಂರಕ್ಷಿತ ತಳಿಯನ್ನು ಬ್ರ್ಯಾಂಡ್ ಬೀಜವಾಗಿ ಮಾರುವಂತಿಲ್ಲ, ಅಷ್ಟೆ.

ಉತ್ತರ 2:
ಎರಡನೆಯ ಪ್ರಶ್ನೆಯನ್ನು ಅಷ್ಟು ಬೇಗ ತಳ್ಳಿಹಾಕಲಾಗದು, ಮತ್ತು ಅದಕ್ಕೆ ರಾಗಿಗಿಂತ ಒಳ್ಳೆಯ ಉದಾಹರಣೆಯೂ ಸಿಗದು. ನಮ್ಮದೇ ಎಂದುಕೊಂಡಿರುವ ರಾಗಿಯ ತವರು ಪೂರ್ವ ಆಫ್ರಿಕಾ. ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನು ಇಲ್ಲಿನ ರಾಗಿಯೊಡನೆ ಸಂಕರಿಸಿ ಇಂಡಾಫ್ ತಳಿಗಳನ್ನು ಕೊಟ್ಟಾಗ (ಹೆಸರಿನಲ್ಲೇ ಇಂಡಿಯಾ, ಆಫ್ರಿಕಾ ಎರಡೂ ಇವೆ) ತಳಿಯ ಮೂಲ ದೇಶಕ್ಕೆ ಲಾಭದ ಪಾಲು ಕೊಡುವ ಕರಾರು ಕೇಳುವವರಿರಲಿಲ್ಲ. ತಳಿ ಸಂಪತ್ತಿನ ಮೇಲೆ ಆಯಾ ದೇಶಕ್ಕೆ ಸಾರ್ವಭೌಮ ಹಕ್ಕಿದೆಯೆಂದು 1992ರ ಜೀವವೈವಿಧ್ಯ ಒಪ್ಪಂದ ಸಾರಿದ ಮೇಲೆ ಕಾಲ ಬದಲಾಯಿತು. ಪ್ರತಿ ಸಂಕರಕ್ಕೂ ದೇಶದೇಶದೊಡನೆ ಚೌಕಾಸಿ ಮಾಡುತ್ತ ಕೂತರೆ ತಳಿ ವಿಜ್ಞಾನಿಯ ಆಯುಷ್ಯವೆಲ್ಲ ಕಡತಗಳಲ್ಲೇ ಕಳೆದೀತು; ಆದ್ದರಿಂದಲೇ 2004ರಲ್ಲಿ ಜಾರಿಗೆ ಬಂದ ಸಸ್ಯ ತಳಿ ಸಂಪನ್ಮೂಲಗಳ ಅಂತರರಾಷ್ಟ್ರೀಯ ಒಪ್ಪಂದವು 64 ಬೆಳೆಗಳನ್ನು ಒಂದೇ ಮಾದರಿ ಕರಾರಿನಡಿ ವಿನಿಮಯಕ್ಕೆ ತೆರೆದಿಟ್ಟಿತು. ಆ ಪಟ್ಟಿಯಲ್ಲಿ ಭತ್ತ, ಗೋಧಿಗಳೊಡನೆ ರಾಗಿಯೂ ಇದೆ. ಕಡಲೆಕಾಯಿ ಪರಿಷೆಯ ಊರಾದ ಬೆಂಗಳೂರಿನವರಿಗೆ ಬೇಸರವಾದೀತು, ಕಡಲೆಕಾಯಿ ಇಲ್ಲ! ನನ್ನ ದೃಷ್ಟಿಯಲ್ಲಿ ನಿಜವಾದ ತೊಡಕಿರುವುದು ನಿಮ್ಮ ಹೊಲದಲ್ಲಲ್ಲ, ಪಟ್ಟಿಯಿಂದ ಹೊರಗುಳಿದ ಇಂತಹ ಬೆಳೆಗಳಲ್ಲಿ.

ಉತ್ತರ 3:
ತೊಡಕೆಂಬ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಕುಲಾಂತರಿ ಬಿಟಿ ಬದನೆಗಾಗಿ ಉಡುಪಿಯ ಗುಳ್ಳ, ಕುಡಚಿಯ ಬದನೆ ಮುಂತಾದ ಸ್ಥಳೀಯ ತಳಿಗಳನ್ನು ಅನುಮತಿಯಿಲ್ಲದೆ ಬಳಸಲಾಗಿದೆಯೆಂದು 2010ರಲ್ಲಿ ಬೆಂಗಳೂರಿನ ಸಂಸ್ಥೆಯೊಂದು ದೂರಿದಾಗ ಕೈಗೆ ಸಿಕ್ಕ ಆಧಾರ ಇದೇ 2002ರ ಜೀವವೈವಿಧ್ಯ ಕಾಯ್ದೆ. ಪ್ರಶ್ನೆ ಕೇಳಿದವರು ತಮ್ಮ ಉಂಡೆ ರಾಗಿಯನ್ನು ಊರಿನ ತಳಿ, ಗಿಡ, ಪ್ರಾಣಿಗಳನ್ನು ಪಟ್ಟಿಮಾಡುವ ಪಂಚಾಯಿತಿಯ ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಬರೆಸಿದ್ದಾರೆಯೇ?

ಪ್ರಶ್ನೆ ಕೇಳಿದವರು:
ಇಲ್ಲ, ಅಂಥದೊಂದು ದಾಖಲೆ ಇದೆಯೆಂಬುದೇ ತಿಳಿದಿರಲಿಲ್ಲ. ಮುಂದಿನ ವಾರ ಊರಿಗೆ ಹೋದಾಗ ಪಂಚಾಯಿತಿ ಕಚೇರಿಯಲ್ಲಿ ವಿಚಾರಿಸುತ್ತೇನೆ. ಬೀಜವನ್ನಂತೂ ಈ ಮುಂಗಾರಿಗೇ ಕೊಡುತ್ತೇವೆ.