ಪ್ರಶ್ನೋತ್ತರ: 1947ರಲ್ಲಿ ಹಡಗು ಹತ್ತಿದ ಸಾಹೇಬರ ಪಿಂಚಣಿ ಯಾರು ಕೊಟ್ಟರು?

ಪ್ರಶ್ನೆ: ಸರ್, ನಮಸ್ಕಾರ. ನಮ್ಮಜ್ಜ ಬಿಜಾಪುರದ ಕಲೆಕ್ಟರ್ ಕಚೇರಿಯಲ್ಲಿ ಅವ್ವಲ್ ಕಾರಕೂನರಾಗಿದ್ದರು (ಅಂದರೆ ಹಿರಿಯ ಗುಮಾಸ್ತರು). 1958ರಲ್ಲಿ ನಿವೃತ್ತರಾದರು. ಮೊನ್ನೆ ಟ್ರಂಕಿನಲ್ಲಿ ಅವರ ಸರ್ವಿಸ್ ಪುಸ್ತಕ ಸಿಕ್ಕಿತು. "ಸಾಹೇಬರು ಗಂಟು ಕಟ್ಟಿಕೊಂಡು ಹೋದರು, ನಮಗೆ ಪಿಂಚಣಿ ಅಷ್ಟೇ" ಅಂತ ಅಜ್ಜ ಹೇಳುತ್ತಿದ್ದರಂತೆ. ಬ್ರಿಟಿಷ್ ಅಧಿಕಾರಿಗಳಿಗೆ ನಿಜವಾಗಿಯೂ ಪರಿಹಾರ ಸಿಕ್ಕಿತ್ತಾ? ಅದು ಯಾರ ದುಡ್ಡು? ಅಜ್ಜನಂಥವರಿಗೆ ಏನು ರಕ್ಷಣೆ ಇತ್ತು?

ಉತ್ತರ (ನಿವೃತ್ತ ಖಜಾನೆ ಅಧಿಕಾರಿ): ಸಿಕ್ಕಿತ್ತು ಮೇಡಂ. ಆದರೆ ಪಿಂಚಣಿ ಬೇರೆ, ಪರಿಹಾರ ಬೇರೆ. ಪಿಂಚಣಿ ಅಂದರೆ ಆಗಲೇ ದುಡಿದದ್ದಕ್ಕೆ ಬರಬೇಕಾದ ಬಾಕಿ. ಪರಿಹಾರ ಅಂದರೆ ಇನ್ನೂ ದುಡಿಯಬಹುದಾಗಿದ್ದ ವರ್ಷಗಳು ಕೈತಪ್ಪಿದ್ದಕ್ಕೆ ಕೊಡುವ ಹಣ.

ಐಸಿಎಸ್ (ಇಂಡಿಯನ್ ಸಿವಿಲ್ ಸರ್ವಿಸ್) ಅಧಿಕಾರಿ ಕೆಲಸಕ್ಕೆ ಸೇರುವಾಗ ಕರಾರು ಮಾಡಿಕೊಳ್ಳುತ್ತಿದ್ದದ್ದು ಲಂಡನ್ನಿನಲ್ಲಿ ಕೂತ ಭಾರತ ಮಂತ್ರಿಯ ಜೊತೆ, ಅಂದರೆ ಭಾರತದ ವ್ಯವಹಾರ ನೋಡುತ್ತಿದ್ದ ಬ್ರಿಟಿಷ್ ಮಂತ್ರಿಯ ಜೊತೆ. ಪೂರ್ತಿ ಸೇವೆ ಮುಗಿಸಿದವರಿಗೆ ವರ್ಷಕ್ಕೆ 1000 ಪೌಂಡ್ ಪಿಂಚಣಿ. ರೂಪಾಯಿಗೆ 1 ಶಿಲ್ಲಿಂಗ್ 6 ಪೆನ್ಸ್ ದರದಲ್ಲಿ 13,333 ರೂಪಾಯಿ 5 ಆಣೆ 4 ಪೈ! 1947ರಲ್ಲಿ ಆ ಮಂತ್ರಿಯ ಹುದ್ದೆಯೇ ರದ್ದಾಗುವುದಿತ್ತು. ಕರಾರು ಮಾಡಿಕೊಂಡವನೇ ಇಲ್ಲವಾದರೆ ಮಾತು ಉಳಿಸುವವರು ಯಾರು? ನಲವತ್ತು ವಯಸ್ಸಿನ ಆಸುಪಾಸಿನ ಅಧಿಕಾರಿಗಳ ಭಯ ಇದೇ.

ಮಾತುಕತೆಯಲ್ಲಿ ಸರ್ದಾರ್ ಪಟೇಲರು ಪಟ್ಟು ಹಿಡಿದರು. ಬಿಟ್ಟು ಹೋಗುವ ಇಂಗ್ಲಿಷರಿಗೆ ಪರಿಹಾರ ಕೊಡಬೇಕಾದರೆ ಬ್ರಿಟನ್ನೇ ಕೊಡಲಿ. ಭಾರತೀಯ ಅಧಿಕಾರಿ ತನ್ನ ದೇಶದಲ್ಲೇ ಕೆಲಸ ಮುಂದುವರಿಸುತ್ತಾನೆ, ಅವನಿಗೆ ಯಾತರ ಪರಿಹಾರ? ಅದರ ಬದಲು ಸಂಬಳ, ರಜೆ, ಪಿಂಚಣಿ ಹಳೆಯ ಷರತ್ತಿನಂತೆಯೇ ಇರುತ್ತವೆ ಎಂದು ಭರವಸೆ ಕೊಟ್ಟರು. 1947ರ ಏಪ್ರಿಲ್ 30ರಂದು ಹೀಗೇ ಘೋಷಣೆ ಆಯಿತು. ಹೊಸ ಸರ್ಕಾರ ಮುಂದುವರಿಯಲು ಕರೆಯದ ಭಾರತೀಯರಿಗೆ ಮಾತ್ರ ಪರಿಹಾರದ ಬಾಗಿಲು ಸ್ವಲ್ಪ ತೆರೆದಿತ್ತು. ಕರ್ತವ್ಯದಲ್ಲಿ ಮಾಡಿದ ಕೆಲಸದಿಂದಲೇ ಮುಂದೆ ತೊಂದರೆ ಆಗಬಹುದು ಎಂದು ತೋರಿಸಿದವರಿಗೂ ಹಾಗೆಯೇ.

ಭರವಸೆ ಬಾಯಿಮಾತಾಗಿ ಉಳಿಯಲಿಲ್ಲ. ಅದು ಭಾರತ ಸ್ವಾತಂತ್ರ್ಯ ಕಾಯ್ದೆಯ 10ನೇ ಸೆಕ್ಷನ್ನಿಗೆ ಬಂತು, ಆಮೇಲೆ ಸಂವಿಧಾನದ 314ನೇ ವಿಧಿಗೆ. ನಮ್ಮನ್ನು ಜೈಲಿಗೆ ಹಾಕಿದವರಿಗೆ ಈ ರಕ್ಷಣೆ ಯಾಕೆ ಎಂದು ಸಂವಿಧಾನ ಸಭೆಯಲ್ಲಿ ಕೆಲವರು ಸಿಟ್ಟಾದರು. 1949ರ ಅಕ್ಟೋಬರ್ 10ರಂದು ಪಟೇಲರು ಎದ್ದು ನಿಂತು, ಕೊಟ್ಟ ಮಾತು ಮುರಿಯಬೇಡಿ ಎಂದು ವಾದಿಸಿದರು. ತಾವೇ ಎಷ್ಟೋ ವರ್ಷ ಜೈಲಲ್ಲಿದ್ದವರು ಆ ಮಾತು ಆಡಿದ್ದು ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ. ಆ ವಿಧಿ 1972ರ 28ನೇ ತಿದ್ದುಪಡಿಯವರೆಗೂ ಇತ್ತು.

ನಮ್ಮ ಗುಂಪಿನ ಇನ್ನೊಬ್ಬ ಸದಸ್ಯರು: ಪರಿಹಾರ ಬ್ರಿಟನ್ ಕೊಟ್ಟಿತು, ಸರಿ. ಪಿಂಚಣಿ ನಮ್ಮದೇ ದುಡ್ಡು ಅಲ್ವಾ ಸರ್?

ಉತ್ತರ: ಹೌದು, ನಮ್ಮದೇ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ನಮ್ಮಿಂದ ಸಾಲದಲ್ಲಿ ಸರಕು, ಸೇವೆ ಪಡೆದಿತ್ತು. ಆ ಲೆಕ್ಕದ ಸ್ಟರ್ಲಿಂಗ್ ಬಾಕಿ, ಅಂದರೆ ಬ್ರಿಟನ್ ನಮಗೆ ಪೌಂಡಿನಲ್ಲಿ ಕೊಡಬೇಕಿದ್ದ ಹಣ, 1948ರಲ್ಲಿ ಸುಮಾರು 116 ಕೋಟಿ ಪೌಂಡ್. ಆ ಜುಲೈನಲ್ಲಿ ಹಣಕಾಸು ಮಂತ್ರಿ ಷಣ್ಮುಖಂ ಚೆಟ್ಟಿ ಲಂಡನ್ನಿಗೆ ಹೋಗಿ ಒಪ್ಪಂದ ಮಾಡಿಕೊಂಡರು. ಪೌಂಡಿನಲ್ಲಿ ಕೊಡಬೇಕಾದ ಪಿಂಚಣಿಗಳಿಗಾಗಿ ಕೇಂದ್ರದ ಪಾಲು 14.75 ಕೋಟಿ, ಪ್ರಾಂತ್ಯಗಳ ಪಾಲು 2.05 ಕೋಟಿ, ಒಟ್ಟು 16.8 ಕೋಟಿ ಪೌಂಡನ್ನು ಆ ಬಾಕಿಯಿಂದಲೇ ಮುರಿದುಕೊಂಡರು. ಬಾಕಿಯ ಏಳರಲ್ಲಿ ಒಂದು ಪಾಲು. ಬದಲಿಗೆ ಬ್ರಿಟನ್ ನಮಗೆ ವರ್ಷವರ್ಷ ಕಂತು ಕೊಡಬೇಕು, ಅದರಿಂದ ನಾವು ಪಿಂಚಣಿ ಕೊಡಬೇಕು. ಪಿಂಚಣಿದಾರರು ತೀರಿಕೊಳ್ಳುತ್ತಾ ಹೋದಂತೆ ಖರ್ಚೂ ಇಳಿಯುತ್ತದಲ್ಲ, ಹಾಗಾಗಿ ಕಂತೂ ಇಳಿಯುತ್ತಾ ಹೋಗುವಂತೆ ಲೆಕ್ಕ ಹಾಕಿದ್ದರು. 1955ರಿಂದ ಪಿಂಚಣಿ ಕೊಡುವ ಹೊಣೆಯನ್ನು ಬ್ರಿಟನ್ನೇ ನೇರವಾಗಿ ವಹಿಸಿಕೊಂಡಿತು.

ಬಡ ದೇಶಕ್ಕೆ ಅದು ಸಣ್ಣ ಮೊತ್ತ ಅಲ್ಲ, ನೆನೆದರೆ ಹೊಟ್ಟೆ ಉರಿಯುತ್ತದೆ. ಆದರೂ ಆಳುವವರು ಬದಲಾದರು ಅಂತ ಹಳೆಯ ನೌಕರನ ಪಿಂಚಣಿ ನಿಲ್ಲಿಸುವ ಪದ್ಧತಿ ಒಮ್ಮೆ ಶುರುವಾದರೆ ನಾಳೆ ಯಾರ ಪಿಂಚಣಿಯೂ ಗಟ್ಟಿ ಅಲ್ಲ. ಕೊಟ್ಟದ್ದೇ ಸರಿ ಅನ್ನುವವನು ನಾನು.

ಈಗ ಅಜ್ಜನ ವಿಷಯಕ್ಕೆ ಬರೋಣ. ಅವರು ಮುಂಬಯಿ ಪ್ರಾಂತ್ಯದ ನೌಕರರು, ಭಾರತ ಮಂತ್ರಿ ನೇಮಿಸಿದವರಲ್ಲ. ಹಾಗಾಗಿ 314ನೇ ವಿಧಿ ಅವರಿಗೆ ಬರುವುದಿಲ್ಲ. ಅವರನ್ನು ಕಾಪಾಡಿದ್ದು ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 115ನೇ ಸೆಕ್ಷನ್. ಬಿಜಾಪುರ ಮೈಸೂರು ರಾಜ್ಯಕ್ಕೆ ಸೇರಿದಾಗ, ಬಂದ ನೌಕರರ ಸೇವಾ ಷರತ್ತುಗಳನ್ನು ಅವರಿಗೆ ನಷ್ಟವಾಗುವಂತೆ ಬದಲಾಯಿಸಬೇಕಾದರೆ ಕೇಂದ್ರದ ಒಪ್ಪಿಗೆ ಮೊದಲೇ ಬೇಕಿತ್ತು. ಸರ್ವಿಸ್ ಪುಸ್ತಕದಲ್ಲಿ 1-11-1956ರ ನಮೂದು ಇದೆಯಾ ನೋಡಿ.

ಪ್ರಶ್ನೆ ಕೇಳಿದವರು: ಇದೆ ಸರ್! ಕೆಂಪು ಶಾಯಿಯಲ್ಲಿ ಒಂದು ಸಾಲು, ಪಕ್ಕದಲ್ಲಿ ಸಹಿ. ಮೇಲಿನ ಸಾಲಿನಲ್ಲಿದ್ದ ಸಂಬಳವೇ ಕೆಳಗೂ ಇದೆ.

ಉತ್ತರ: ಅದೇ ಸಾಲು ಮೇಡಂ. ಆ ಪುಟವನ್ನು ಮಡಚಬೇಡಿ. ಮಡಿಕೆಯಲ್ಲೇ ಹಳೆ ಕಾಗದ ಮೊದಲು ಹರಿಯುವುದು.