ಮಾದರಿ ರೈಲು ಸಂಘಕ್ಕೆ ಸೇರುವುದರಿಂದ ಒಡನಾಟದ ಹೊರತು ಏನು ಪ್ರಯೋಜನ?

ಪ್ರಶ್ನೆ: ಒಂಟಿಹಳಿ

ಮಾನ್ಯರೇ, ಮನೆಯ ಒಂದು ಕೋಣೆಯಲ್ಲಿ ಎಚ್‌ಒ ಪ್ರಮಾಣದ, ಅಂದರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲು ಗಾತ್ರದ (1:87), ಮಾದರಿ ರೈಲು ಮಾರ್ಗವನ್ನು ಕಟ್ಟಿಕೊಂಡಿದ್ದೇನೆ. ಹಳಿ ಜೋಡಣೆ, ವೈರಿಂಗ್, ಗುಡ್ಡ ಸುರಂಗಗಳ ಕೆಲಸ ಎಲ್ಲವನ್ನೂ ಪುಸ್ತಕ ಓದಿ, ವಿಡಿಯೋ ನೋಡಿ ಕಲಿತವನು ನಾನು. ಒಬ್ಬನೇ ಕುಳಿತು ಕೆಲಸ ಮಾಡುವುದೇ ನನಗೆ ಹಿತ. ಈಗ ಪರಿಚಿತರೊಬ್ಬರು, ಸಂಘವೊಂದಕ್ಕೆ ಸೇರಿಕೊಳ್ಳಿ, ಜೊತೆಗೆ ದೊಡ್ಡ ಹವ್ಯಾಸಿ ಸಂಸ್ಥೆಯ ಸದಸ್ಯತ್ವವನ್ನೂ ಪಡೆಯಿರಿ ಎಂದು ಬೆನ್ನು ಹತ್ತಿದ್ದಾರೆ. ಬೇಕಾದ ಮಾಹಿತಿಯೆಲ್ಲ ಮನೆಯಲ್ಲೇ ಸಿಗುವಾಗ, ವರ್ಷವರ್ಷವೂ ಚಂದಾ ಕಟ್ಟಿ, ವಾರದ ಒಂದು ಸಂಜೆಯನ್ನು ಮೀಸಲಿಟ್ಟು ಪಡೆಯುವಂಥದ್ದು ಅಲ್ಲಿ ಏನಿದೆ? ಸ್ನೇಹ ಬೆಳೆಯುತ್ತದೆ ಎಂಬ ಉತ್ತರ ನನಗೂ ಗೊತ್ತು. ದಯವಿಟ್ಟು ಅದನ್ನು ಬಿಟ್ಟು ಹೇಳಿ.

ಉತ್ತರ 1: ಗೂಡ್ಸ್‌ಗಾರ್ಡ್

ಸ್ನೇಹವನ್ನು ಬದಿಗಿಟ್ಟೇ ಹೇಳುತ್ತೇನೆ. ಸಂಸ್ಥೆಯ ಉಪಯೋಗ ಬೇರೆ, ಸಂಘದ ಉಪಯೋಗ ಬೇರೆ.

ನೀವು ಒಂದು ಕಂಪನಿಯ ಎಂಜಿನ್ನಿಗೆ ಇನ್ನೊಂದು ಕಂಪನಿಯ ಬೋಗಿಗಳನ್ನು ಜೋಡಿಸಿ, ಮೂರನೆಯದೊಂದು ಕಂಪನಿಯ ಹಳಿಯ ಮೇಲೆ ಓಡಿಸುತ್ತಿರಬೇಕು. ಅದು ತಾನಾಗಿ ಸಾಧ್ಯವಾದದ್ದಲ್ಲ. 1935ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಹವ್ಯಾಸಿಗಳು ಸೇರಿ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ ಕಟ್ಟಿದಾಗ, ಗಾಲಿ, ಹಳಿಗಳ ಅಳತೆಗಳನ್ನು ಒಂದು ಮಟ್ಟಕ್ಕೆ ತರುವುದೇ ಅವರ ಮುಖ್ಯ ಕೆಲಸಗಳಲ್ಲಿ ಒಂದಾಗಿತ್ತು. ಯುರೋಪಿನಲ್ಲಿ 1954ರಲ್ಲಿ ಹುಟ್ಟಿದ ಮೊರೋಪ್ ಒಕ್ಕೂಟದ ಎನ್‌ಇಎಂ ಮಾನದಂಡಗಳು ಇದೇ ಕೆಲಸ ಮಾಡುತ್ತವೆ. ಒಂದೇ ಹಳಿಯ ಮೇಲೆ ಹಲವು ಎಂಜಿನ್‌ಗಳನ್ನು ಬೇರೆಬೇರೆಯಾಗಿ ನಡೆಸುವ ಡಿಸಿಸಿ ಪದ್ಧತಿಯೂ, ಜರ್ಮನಿಯ ಲೆನ್ಜ್ ಕಂಪನಿಯ ವಿನ್ಯಾಸವನ್ನು ಆಧರಿಸಿ 1990ರ ದಶಕದಲ್ಲಿ ಅಮೆರಿಕದ ಸಂಸ್ಥೆಯಿಂದಲೇ ಮಾನದಂಡವಾಯಿತು. ಸದಸ್ಯರಾಗದೆಯೇ ಈ ಫಲವನ್ನು ನೀವು ಉಣ್ಣುತ್ತಿದ್ದೀರಿ, ಮಾನದಂಡಗಳ ದಾಖಲೆಗಳೂ ಎಲ್ಲರಿಗೂ ಮುಕ್ತವಾಗಿ ಸಿಗುತ್ತವೆ. ಆದ್ದರಿಂದ ಅದಕ್ಕಾಗಿಯೇ ಚಂದಾ ಕಟ್ಟಿರೆಂದು ನಾನು ವಾದಿಸಲಾರೆ.

ಸಂಘದ ಮಾತು ಹಾಗಲ್ಲ. ಪಾಯಿಂಟ್ಸ್, ಅಂದರೆ ಹಳಿ ಕವಲೊಡೆಯುವ ಜಾಗ, ದಾಟುವಾಗ ಒಂದೇ ಒಂದು ಬೋಗಿ ಪದೇಪದೇ ಹಳಿ ತಪ್ಪುತ್ತಿದೆ ಎಂದುಕೊಳ್ಳಿ. ಮನೆಯಲ್ಲಿ ಒಬ್ಬರೇ ಇದ್ದರೆ ಪಾಯಿಂಟ್ಸನ್ನೇ ಕಿತ್ತು ಮತ್ತೆ ಹಾಸುತ್ತೀರಿ. ಸಂಘದಲ್ಲಿ ಆ ಬೋಗಿಯನ್ನು ಅನುಭವಿಯೊಬ್ಬರ ಕೈಗೆ ಕೊಟ್ಟರೆ, ಅವರು ಅದನ್ನು ಅಂಗಾತ ಹಿಡಿದು, ಅಂಚಿನಲ್ಲಿ ಕಚ್ಚುಗಳಿರುವ ತೆಳುವಾದ ಲೋಹದ ಗೇಜನ್ನು ಗಾಲಿಗಳ ಮೇಲಿಡುತ್ತಾರೆ. ಗಾಲಿಯ ಅಂಚುಗಳು ಕಚ್ಚುಗಳಲ್ಲಿ ಕೂರದಿದ್ದರೆ ಎರಡು ಗಾಲಿಗಳ ನಡುವಿನ ಅಂತರ ಹೆಚ್ಚಾಗಿದೆ ಅಥವಾ ಕಡಿಮೆಯಾಗಿದೆ ಎಂದರ್ಥ. ಕಡಿಮೆಯಿದ್ದರೆ, ಅಚ್ಚನ್ನು ಹಿಡಿದು ಗಾಲಿಯನ್ನು ತಿರುಚುತ್ತ ಕೂದಲೆಳೆಯಷ್ಟು ಹೊರಕ್ಕೆ ಎಳೆದರೆ ಬೋಗಿ ಸರಾಗವಾಗಿ ದಾಟುತ್ತದೆ. ಈ ಉಪಾಯ ವಿಡಿಯೋಗಳಲ್ಲಿಯೂ ಇದೆ, ನಿಜ. ಆದರೆ ದೋಷ ಹಳಿಯಲ್ಲಿಲ್ಲ, ಗಾಲಿಯಲ್ಲಿದೆ ಎಂದು ನಿಮ್ಮ ಬೋಗಿಯನ್ನೇ ನೋಡಿ ಹೇಳುವವರು ವಿಡಿಯೋದಲ್ಲಿ ಇರುವುದಿಲ್ಲ.

ಉತ್ತರ 2: ಸಿಗ್ನಲ್ ಕಂಬ

ಗೂಡ್ಸ್‌ಗಾರ್ಡ್ ಅವರ ಮಾತು ಒಪ್ಪತಕ್ಕದ್ದೇ, ಆದರೆ ಸಂಘಕ್ಕೆ ತೆರಬೇಕಾದ ಬೆಲೆ ಚಂದಾ ಮಾತ್ರವಲ್ಲ. ಸಂಘದ ಲೇಔಟ್, ಅಂದರೆ ಕಟ್ಟಿದ ಮಾದರಿ ಮಾರ್ಗ, ನಿಮ್ಮದಾಗಿರುವುದಿಲ್ಲ. ಯಾವ ಕಾಲದ, ಯಾವ ಪ್ರದೇಶದ ರೈಲು ಎಂಬುದನ್ನು ಸಭೆ ನಿರ್ಧರಿಸುತ್ತದೆ, ಒಂದು ನಿಲ್ದಾಣದ ಜಾಗ ಗೊತ್ತುಮಾಡಲು ತಿಂಗಳುಗಟ್ಟಲೆ ಚರ್ಚೆ ನಡೆಯುತ್ತದೆ. ಹೊಸಬರ ಕೈಗೆ ಗುಡಿಸುವ, ಹಳಿ ಒರೆಸುವ ಕೆಲಸವನ್ನಷ್ಟೇ ಕೊಟ್ಟು ಕೂರಿಸುವ ಸಂಘಗಳೂ ಇವೆ. ಅದೇ ಜಾಗದಲ್ಲಿ ಎಲ್ಲಿಯೂ ಸಿಗದ ಕಲಿಕೆ ಸಿಗಬಹುದು ಎಂಬುದನ್ನೂ ಹೇಳಲೇಬೇಕು: ಅಮೆರಿಕದ ತಂತ್ರಜ್ಞಾನ ವಿಶ್ವವಿದ್ಯಾಲಯ ಎಂಐಟಿಯಲ್ಲಿ 1946ರಲ್ಲಿ ಆರಂಭವಾದ ಟೆಕ್ ಮಾಡೆಲ್ ರೈಲ್‌ರೋಡ್ ಕ್ಲಬ್ಬಿನ ಹುಡುಗರು ಲೇಔಟಿನ ಅಡಿಯಲ್ಲಿ ಟೆಲಿಫೋನ್ ರಿಲೇಗಳನ್ನು, ಅಂದರೆ ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚುಗಳನ್ನು, ಹೆಣೆಯುತ್ತ ಹೋಗಿ, ಮೊದಲ ತಲೆಮಾರಿನ ಹ್ಯಾಕರ್‌ಗಳೆಂದು (ಕಳ್ಳರಲ್ಲ, ಯಂತ್ರಗಳ ಒಳಗುಟ್ಟು ಬಿಡಿಸುವ ಚತುರರು) ಹೆಸರಾದರು. ನಿಮಗೆ ಸಿಗುವ ಸಂಘ ಈ ಎರಡರಲ್ಲಿ ಯಾವ ಬಗೆಯದು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಒಂಟಿಹಳಿ

ಧನ್ಯವಾದಗಳು. ನನ್ನ ಲೇಔಟಿನಲ್ಲಿ ದೋಷಗಳು ಕಡಿಮೆ. ಆದರೆ ರೈಲು ಸುತ್ತುತ್ತದೆ, ಮತ್ತೆ ಸುತ್ತುತ್ತದೆ, ಅಷ್ಟೇ. ಇದಕ್ಕೆ ಸಂಘದಲ್ಲಿ ಪರಿಹಾರವಿದೆಯೇ?

ಉತ್ತರ 3: ಜಂಕ್ಷನ್

ನಿಮ್ಮ ಮೂಲ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ನಿಜವಾದ ಮಾರ್ಗದಲ್ಲಿ 300 ಮೀಟರ್ ತ್ರಿಜ್ಯದ ತಿರುವು ಸಾಕಷ್ಟು ಬಿಗಿಯಾದದ್ದು. 1:87ರಲ್ಲಿ ಅದಕ್ಕೆ ಸುಮಾರು ಮೂರೂವರೆ ಮೀಟರ್ ತ್ರಿಜ್ಯ ಬೇಕು. ಮನೆಗಳಲ್ಲಿ ನಾವು ಅರ್ಧ ಮೀಟರಿಗೂ ಕಡಿಮೆ ತ್ರಿಜ್ಯದಲ್ಲಿ ರೈಲನ್ನು ತಿರುಗಿಸುತ್ತೇವೆ. ಜಾಗದ ಈ ಕೊರತೆಯನ್ನು ಒಬ್ಬರೇ ನೀಗಿಸಿಕೊಳ್ಳುವುದು ಕಷ್ಟ. ಯುರೋಪಿನ ಫ್ರೆಮೊ ಬಳಗ 1981ರಿಂದ ಮಾಡುತ್ತಿರುವುದು ಇದನ್ನೇ: ಪ್ರತಿಯೊಬ್ಬರೂ ತಮ್ಮ ತುಂಡನ್ನು, ಅಂದರೆ ಮಾಡ್ಯೂಲನ್ನು, ಮನೆಯಲ್ಲಿ ತಮ್ಮಿಷ್ಟದಂತೆ ಕಟ್ಟುತ್ತಾರೆ; ಎರಡು ತುದಿಗಳು ಮಾತ್ರ ಗೊತ್ತುಪಡಿಸಿದ ಅಳತೆಯಲ್ಲಿರಬೇಕು. ದೊಡ್ಡ ಸಭಾಂಗಣದಲ್ಲಿ ಅವನ್ನೆಲ್ಲ ಜೋಡಿಸಿದಾಗ ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ನಿಜವಾಗಿಯೂ ದೂರವಿರುತ್ತದೆ. ಒಬ್ಬರೇ ಕುಳಿತು ಕೆಲಸ ಮಾಡುವ ನಿಮ್ಮ ಸ್ವಭಾವಕ್ಕೆ ಈ ಏರ್ಪಾಡು ಚೆನ್ನಾಗಿಯೇ ಒಗ್ಗುತ್ತದೆ ಎಂದು ನನಗನಿಸುತ್ತದೆ.

ಆಮೇಲೆ ರೈಲು ಸುತ್ತುವುದಿಲ್ಲ, ಎಲ್ಲಿಗೋ ಹೋಗುತ್ತದೆ. ಪ್ರತಿ ಗೂಡ್ಸ್ ಬೋಗಿಗೂ ಒಂದು ಚೀಟಿ, ಅದರಲ್ಲಿ ತಲುಪಬೇಕಾದ ಊರು ಮತ್ತು ಸರಕು. ಒಬ್ಬರು ಸ್ಟೇಷನ್ ಮಾಸ್ಟರ್, ಒಬ್ಬರು ಡ್ರೈವರ್, ಇನ್ನೊಬ್ಬರು ಕಂಟ್ರೋಲರ್. ಎದುರಿನಿಂದ ಬರುವ ಪ್ಯಾಸೆಂಜರಿಗೆ ದಾರಿ ಬಿಟ್ಟು, ಲೂಪ್ ಲೈನಿನಲ್ಲಿ ನಿಂತು ಕಾಯುವುದರಲ್ಲಿಯೂ ರುಚಿಯಿದೆ, ಏಕೆಂದರೆ ಆ ಪ್ಯಾಸೆಂಜರನ್ನು ನಡೆಸುತ್ತಿರುವವರು ನೀವಲ್ಲ.

ಸೇರುವ ಮುನ್ನ ಪ್ರದರ್ಶನದ ದಿನ ಹೋಗಬೇಡಿ. ಅಂದು ಎಲ್ಲವೂ ಚೆನ್ನಾಗಿಯೇ ಓಡುತ್ತದೆ. ಕೆಲಸದ ಸಂಜೆ ಅತಿಥಿಯಾಗಿ ಹೋಗಿ, ಶಾರ್ಟ್ ಸರ್ಕ್ಯೂಟ್ ಆದಾಗ ಅವರು ಹೊಸಬರನ್ನೂ ಲೇಔಟಿನ ಕೆಳಗೆ ಕರೆದು ತೋರಿಸುತ್ತಾರೋ, ದೂರ ನಿಲ್ಲಲು ಹೇಳುತ್ತಾರೋ ಗಮನಿಸಿ.