ಕಿವುಡ ಓರಗಿತ್ತಿ ಮನೆಗೆ ಬರುತ್ತಿದ್ದಾಳೆ: ಅನುಭವವಿದ್ದವರು ದಯವಿಟ್ಟು ತಿಳಿಸಿ

ನಮ್ಮದು ತಿಪಟೂರಿನ ಬಳಿಯ ಹಳ್ಳಿಯ ಕೂಡು ಕುಟುಂಬ. ಮನೆಯಲ್ಲಿ ಅತ್ತೆ, ಮಾವ, ನನ್ನ ಯಜಮಾನರು, ನಾನು ಮತ್ತು ನಮ್ಮ ಇಬ್ಬರು ಮಕ್ಕಳು ಇದ್ದೇವೆ. ನನ್ನ ಮೈದುನನಿಗೆ ಬರುವ ಮಾಘದಲ್ಲಿ ಮದುವೆ ನಿಶ್ಚಯವಾಗಿದೆ. ಹುಡುಗಿ ಹುಟ್ಟಿನಿಂದ ಕಿವುಡಿ. ಕಿವುಡ ಮಕ್ಕಳ ಶಾಲೆಯಲ್ಲಿ ಓದಿ, ಡಿಪ್ಲೊಮಾ ಮುಗಿಸಿ, ಮೈದುನ ಇರುವ ಕಂಪನಿಯಲ್ಲಿಯೇ ಕೆಲಸ ಮಾಡುತ್ತಿದ್ದಾಳೆ. ಅವರಿಬ್ಬರೂ ಸನ್ನೆ ಭಾಷೆಯಲ್ಲಿ ಮಾತನಾಡಿಕೊಳ್ಳುತ್ತಾರೆ, ನಮಗೆ ಅದರ ಒಂದು ಪದವೂ ಬಾರದು. ಮದುವೆಯಾದ ಮೇಲೆ ಕೆಲವು ತಿಂಗಳು ಅವಳು ಮನೆಯಿಂದಲೇ ಕೆಲಸ ಮಾಡುತ್ತಾ ನಮ್ಮೊಡನೆ ಇರುತ್ತಾಳೆ, ಮೈದುನ ವಾರಕ್ಕೊಮ್ಮೆ ಬಂದು ಹೋಗುತ್ತಾನೆ. ಅವಳನ್ನು ಹೇಗೆ ಕರೆಯಬೇಕು, ಹೇಗೆ ಮಾತನಾಡಿಸಬೇಕು, ಒಬ್ಬಳೇ ಇದ್ದಾಗ ಏನು ವ್ಯವಸ್ಥೆ ಮಾಡಬೇಕು ಎಂಬುದು ನನಗೆ ತಿಳಿಯುತ್ತಿಲ್ಲ. ಹುಟ್ಟುವ ಮಕ್ಕಳ ಬಗ್ಗೆ ಅತ್ತೆಯವರಿಗೆ ಬೇರೆಯೇ ಆತಂಕವಿದೆ. ಅನುಭವದಿಂದ ಬಲ್ಲವರು ಬರೆದರೆ ಉಪಕಾರವಾಗುತ್ತದೆ.

ದಾವಣಗೆರೆಯಿಂದ, ಸ್ವತಃ ಕಿವುಡಿಯಾದ ಗೃಹಿಣಿಯೊಬ್ಬರು

ನಿಮ್ಮ ಪ್ರಶ್ನೆಯನ್ನು ಓದಿ ನನಗೆ ಬಹಳ ಸಂತೋಷವಾಯಿತು, ಏಕೆಂದರೆ ಹದಿನಾರು ವರ್ಷಗಳ ಹಿಂದೆ ನಾನು ಸೊಸೆಯಾಗಿ ಬಂದಾಗ ನಮ್ಮ ಮನೆಯಲ್ಲಿ ಯಾರೂ ಇದನ್ನು ಮುಂಚಿತವಾಗಿ ಕೇಳಿರಲಿಲ್ಲ. ನಾನೂ ಹುಟ್ಟಿನಿಂದ ಕಿವುಡಿ. ನನ್ನ ಮೊದಲ ಭಾಷೆ ಸನ್ನೆ ಭಾಷೆ, ಕನ್ನಡ ಎರಡನೆಯದು. ಇಷ್ಟಾದರೂ ಬರೆಯಲು ಬಂದಿರುವುದು ನನ್ನ ತಂದೆ ದಿನವೂ ಬೆಳಿಗ್ಗೆ ಪತ್ರಿಕೆಯ ಒಂದು ಸುದ್ದಿಯನ್ನು ನನ್ನ ಕೈಯಲ್ಲಿ ಬರೆಸುತ್ತಿದ್ದುದರಿಂದ.

ಕರೆಯುವ ವಿಷಯದಿಂದ ಆರಂಭಿಸುತ್ತೇನೆ. ಹತ್ತಿರವಿದ್ದರೆ ಭುಜವನ್ನು ಮೆಲ್ಲಗೆ ತಟ್ಟಿ. ಬೆನ್ನ ಹಿಂದಿನಿಂದ ಬಂದು ತಟ್ಟಿದರೆ ಬೆಚ್ಚಿಬೀಳುತ್ತೇವೆ, ಆದ್ದರಿಂದ ಕಣ್ಣಿನ ಅಂಚಿಗಾದರೂ ಕಾಣುವಂತೆ ಬನ್ನಿ. ಕೋಣೆಯಲ್ಲಿದ್ದರೆ ಬಾಗಿಲಲ್ಲಿ ನಿಂತು ಲೈಟಿನ ಸ್ವಿಚ್ ಅನ್ನು ಎರಡು ಸಲ ಹಾಕಿ ತೆಗೆಯಿರಿ. ರೆಡ್ ಆಕ್ಸೈಡ್ ನೆಲದ ಮೇಲೆ ಕಾಲಿನಿಂದ ಕುಟ್ಟಿದರೆ ನಮಗೆ ಏನೂ ತಿಳಿಯುವುದಿಲ್ಲ, ಆದರೆ ಮರದ ಮಂಚವನ್ನೋ ಮೇಜನ್ನೋ ತಟ್ಟಿದರೆ ಅದರ ನಡುಕ ಮೈಗೆ ತಲುಪುತ್ತದೆ. ಬಾಗಿಲ ಗಂಟೆಯ ಜೊತೆಗೆ ಅವಳ ಕೋಣೆಯಲ್ಲೊಂದು, ಅಡುಗೆಮನೆಯಲ್ಲೊಂದು ಬಲ್ಬು ಹೊತ್ತಿಕೊಳ್ಳುವಂತೆ ಮಾಡಿಕೊಡಲು ಊರಿನ ಎಲೆಕ್ಟ್ರಿಷಿಯನ್‌ಗೆ ಹೇಳಿ, ಇದೇನೂ ದೊಡ್ಡ ಕೆಲಸವಲ್ಲ. ಕುಕ್ಕರಿನ ಸೀಟಿಯನ್ನು ಎಣಿಸು ಎಂದು ಅವಳಿಗೆ ಒಪ್ಪಿಸಬೇಡಿ. ಫೋನಿನಲ್ಲಿ ನಿಮಿಷ ಹೊಂದಿಸಿ ಅದು ನಡುಗಿದಾಗ ಒಲೆ ಆರಿಸುವುದು ಅವಳಿಗೆ ಗೊತ್ತಿರುತ್ತದೆ.

ಹಳ್ಳಿಯ ಮನೆಯಾದ್ದರಿಂದ ಇನ್ನೊಂದು ಮಾತು. ಕರೆಂಟು ಹೋದರೆ ನಿಮಗೆ ಬೆಳಕು ಮಾತ್ರ ಹೋಗುತ್ತದೆ, ನಮಗೆ ಮಾತೂ ಹೋಗುತ್ತದೆ. ಕತ್ತಲೆಯಲ್ಲಿ ಕುಳಿತು ನೀವೆಲ್ಲ ಹರಟುತ್ತಿರುವಾಗ ಅವಳು ಗೋಡೆಯ ಹಾಗೆ ಕುಳಿತಿರಬೇಕಾಗುತ್ತದೆ. ಒಂದು ಚಾರ್ಜ್ ಲೈಟನ್ನು ಕೈಗೆ ಸಿಗುವ ಜಾಗದಲ್ಲಿಟ್ಟುಕೊಂಡು, ಮಾತನಾಡುವವರ ಮುಖ ಮತ್ತು ಕೈಗಳ ಮೇಲೆ ಬೆಳಕು ಬೀಳುವಂತೆ ಇಡಿ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ವಿಷಯ. ಕೆಲಸಕ್ಕೆ ಬೇಕಾದ ಮಾತು ಹೇಗೋ ನಡೆದುಹೋಗುತ್ತದೆ: ಅನ್ನ ಆಯಿತೇ, ಹಾಲು ಬಂತೇ, ಮಾತ್ರೆ ತೆಗೆದುಕೊಂಡೆಯಾ ಎಂಬುದನ್ನು ಎಲ್ಲರೂ ಹೇಗಾದರೂ ತಿಳಿಸಿಬಿಡುತ್ತಾರೆ. ತಿಳಿಸದೆ ಉಳಿಯುವುದು ಕೆಲಸಕ್ಕೆ ಬಾರದ ಮಾತು. ನನ್ನ ಮದುವೆಯಾದ ವರ್ಷ ದೀಪಾವಳಿಗೆ ನಾದಿನಿಯರು ಬಂದಿದ್ದರು. ಪಡಸಾಲೆಯಲ್ಲಿ ಎಲ್ಲರೂ ಸುತ್ತ ಕುಳಿತು ಕರ್ಜಿಕಾಯಿ ಮಡಿಸುತ್ತಿದ್ದೆವು. ಅತ್ತೆ ಏನೋ ಹೇಳಿದರು, ಎಲ್ಲರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಏನೆಂದು ಕೇಳಿದೆ. ಪಕ್ಕದಲ್ಲಿದ್ದವರು ಕೈಯಾಡಿಸಿ "ಏನಿಲ್ಲ ಬಿಡು, ಆಮೇಲೆ ಹೇಳುತ್ತೇನೆ" ಎಂದರು. ಆ "ಆಮೇಲೆ" ಇವತ್ತಿಗೂ ಬಂದಿಲ್ಲ. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ, ನನ್ನನ್ನು ಬಹಳ ಪ್ರೀತಿಯಿಂದಲೇ ನೋಡಿಕೊಳ್ಳುತ್ತಿದ್ದರು. ಆದರೆ ಯಾರ ಮನೆಯಲ್ಲಿ ಹಸು ಕರು ಹಾಕಿತು, ಚಿಕ್ಕಪ್ಪ ಮಾವನವರ ಮೇಲೆ ಏಕೆ ಮುನಿಸಿಕೊಂಡಿದ್ದಾರೆ, ಅತ್ತೆಗೆ ಯಾವ ಊರಿನ ಹೆಸರು ಕೇಳಿದರೆ ನಗು ಬರುತ್ತದೆ ಎಂಬುದೆಲ್ಲ ತಿಳಿಯದಿದ್ದರೆ, ಒಂದು ಮನೆಯಲ್ಲಿ ಹತ್ತು ವರ್ಷ ಉಂಡು ಮಲಗಿದರೂ ಆ ಮನೆ ನಮ್ಮದಾಗುವುದಿಲ್ಲ. ನನ್ನ ಅತ್ತೆಯವರ ಅಣ್ಣ ತೀರಿಕೊಳ್ಳುವ ಮೊದಲು ಮೂರು ತಿಂಗಳು ಹಾಸಿಗೆ ಹಿಡಿದಿದ್ದರೆಂಬುದು ನನಗೆ ತಿಳಿದದ್ದು ಅವರ ತಿಥಿಯ ದಿನ. ಅಷ್ಟೂ ದಿನ ಮನೆಯಲ್ಲಿ ಅದೇ ಮಾತು ನಡೆಯುತ್ತಿತ್ತಂತೆ.

ಆದ್ದರಿಂದ ಊಟಕ್ಕೆ ಕುಳಿತಾಗ ಒಬ್ಬರು ಮಾತನಾಡಿ ಮುಗಿಸಿದ ಮೇಲೆ ಇನ್ನೊಬ್ಬರು ಮಾತನಾಡುವ ರೂಢಿ ಮಾಡಿಕೊಳ್ಳಿ. ನಗು ಬಂದರೆ ಕಾರಣವನ್ನು ಆಗಲೇ ಹೇಳಿ. ಅರ್ಧಂಬರ್ಧ ಹೇಳಿದರೂ ಚಿಂತೆಯಿಲ್ಲ.

ಮನೆಮಂದಿಯೆಲ್ಲ ಸನ್ನೆ ಭಾಷೆಯನ್ನು ಕಲಿಯಲೇಬೇಕು ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ. ಅದು ಕೈ ಬೀಸಿ ತೋಚಿದ್ದನ್ನು ತೋರಿಸುವುದಲ್ಲ, ಅದಕ್ಕೆ ತನ್ನದೇ ವ್ಯಾಕರಣವಿದೆ. "ನೀನು ಎಲ್ಲಿಗೆ ಹೋಗುತ್ತೀಯ" ಎಂಬುದು ನಮ್ಮ ಕೈಯಲ್ಲಿ "ನೀನು, ಹೋಗು, ಎಲ್ಲಿ" ಎಂದಾಗುತ್ತದೆ. ಪ್ರಶ್ನೆಯ ಪದ ಕೊನೆಗೆ ಬರುತ್ತದೆ. ಹೌದು ಅಥವಾ ಅಲ್ಲ ಎಂಬ ಉತ್ತರ ಬೇಕಾದ ಪ್ರಶ್ನೆಗೆ ಹುಬ್ಬು ಮೇಲೇರಬೇಕು, ಹುಬ್ಬು ಏರದಿದ್ದರೆ ಅದು ಪ್ರಶ್ನೆಯೇ ಅಲ್ಲ. ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2015ರಲ್ಲಿ ಸ್ಥಾಪನೆಯಾಯಿತು. ಅದು ತಯಾರಿಸಿದ ವಿಡಿಯೊ ನಿಘಂಟಿನಲ್ಲಿ 2021ರ ಹೊತ್ತಿಗೆ 10,000 ಪದಗಳಾಗಿದ್ದವು, ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಆದರೂ ನಿಘಂಟಿಗಿಂತ ಅವಳಿಂದಲೇ ಕಲಿಯುವುದು ಲೇಸು. ನಿಮ್ಮ ಮಕ್ಕಳು ಒಂದು ತಿಂಗಳಲ್ಲಿ ನಿಮ್ಮೆಲ್ಲರನ್ನೂ ಹಿಂದೆ ಹಾಕುತ್ತಾರೆ.

ಅವಳು ನಿಮ್ಮೆಲ್ಲರಿಗೂ ಒಂದೊಂದು ಹೆಸರಿನ ಸನ್ನೆ ಕೊಡುತ್ತಾಳೆ, ಅದನ್ನು ಕೊಡುವುದು ಕಿವುಡರ ಹಕ್ಕು. ನಮ್ಮ ಮಾವನವರಿಗೆ ನಾನು ಕೊಟ್ಟದ್ದು ಹಣೆಯ ಮೇಲೆ ಮೂರು ಬೆರಳನ್ನು ಅಡ್ಡಲಾಗಿ ಎಳೆಯುವ ಸನ್ನೆ, ಅವರು ದಿನವೂ ವಿಭೂತಿ ಧರಿಸುತ್ತಿದ್ದರು. ಅವರು ತೀರಿಕೊಂಡ ಮೇಲೂ ನಮ್ಮ ಮನೆಯಲ್ಲಿ ಎಲ್ಲರೂ ಅವರನ್ನು ನೆನೆಯುವುದು ಆ ಮೂರು ಬೆರಳಿನಿಂದಲೇ.

ಮಗುವಾದ ಮೇಲೆ ರಾತ್ರಿ ಅಳು ಹೇಗೆ ತಿಳಿಯುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಜೋಲಿಯಿಂದ ಒಂದು ಮೆತ್ತನೆಯ ಹಗ್ಗವನ್ನು ನಾನು ನನ್ನ ಎಡ ಮಣಿಕಟ್ಟಿಗೆ ಸಡಿಲವಾಗಿ ಕಟ್ಟಿಕೊಂಡು ಮಲಗುತ್ತಿದ್ದೆ. ಮಗು ಅಳುವ ಮೊದಲು ಕಾಲು ಒದೆಯುತ್ತದೆ, ಜೋಲಿ ಜಗ್ಗುತ್ತದೆ, ನಾನು ಏಳುತ್ತಿದ್ದೆ. ಪಕ್ಕದಲ್ಲಿ ಮಲಗಿದ್ದ ಅತ್ತೆಯವರಿಗೆ ಅಳು ಕೇಳುವಷ್ಟರಲ್ಲಿ ಮಗು ನನ್ನ ಮಡಿಲಿನಲ್ಲಿರುತ್ತಿತ್ತು.

ಕೊನೆಯದಾಗಿ, ನೆರೆಹೊರೆಯವರು ಅವಳನ್ನು "ಮೂಗಿ" ಎಂದು ಕರೆಯಲು ಆರಂಭಿಸುತ್ತಾರೆ. ಮೊದಲ ದಿನವೇ ಅವಳ ಹೆಸರು ಹೇಳಿ ತಿದ್ದಿ, ಎರಡನೆಯ ದಿನಕ್ಕೆ ಬಿಡಬೇಡಿ.

ಶಿವಮೊಗ್ಗದಿಂದ, ನಡುವಯಸ್ಸಿನಲ್ಲಿ ಶ್ರವಣಶಕ್ತಿ ಕಳೆದುಕೊಂಡವರು

ಮೇಲೆ ಬರೆದಿರುವ ಸಹೋದರಿಯ ಬದುಕಿಗೂ ನನ್ನ ಬದುಕಿಗೂ ವ್ಯತ್ಯಾಸವಿದೆ. ನಾನು ಮೂವತ್ತೈದು ವರ್ಷ ಚೆನ್ನಾಗಿ ಕೇಳಿಸಿಕೊಂಡವನು. ಈಗ ಕಿವಿ ಮಿಷನ್ ಹಾಕಿಕೊಂಡು, ತುಟಿ ನೋಡಿ ನನ್ನ ದಿನಸಿ ಅಂಗಡಿಯನ್ನು ನಡೆಸುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಗಳಲ್ಲಿ 70 ಡೆಸಿಬೆಲ್‌ನಷ್ಟು ಶ್ರವಣನಷ್ಟವಾದವರು ಕಿವುಡರು, 60ರಿಂದ 70ರವರೆಗಿನವರು ಮಂದಶ್ರವಣದವರು. ಕಾಗದದ ಮೇಲೆ ಇದು ಹತ್ತು ಡೆಸಿಬೆಲ್‌ಗಳ ಅಂತರ. ಆದರೆ ಮಾತನ್ನು ಕಿವಿಯಿಂದ ಕಲಿತ ಮೇಲೆ ಅದನ್ನು ಕಳೆದುಕೊಂಡವನಿಗೂ, ಎಂದೂ ಕೇಳದವರಿಗೂ ಇರುವ ಅಂತರ ಅದಕ್ಕಿಂತ ಬಹಳ ದೊಡ್ಡದು. ಆದ್ದರಿಂದ "ನಿಧಾನವಾಗಿ ಮಾತನಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಾಳೆ" ಎಂದು ನೀವು ನಂಬಿಕೊಂಡಿದ್ದರೆ ದಯವಿಟ್ಟು ಆ ನಂಬಿಕೆಯನ್ನು ಬಿಡಿ.

ತುಟಿಯಲ್ಲಿ ಎಷ್ಟು ಕಾಣುತ್ತದೆ ಎಂಬುದಕ್ಕೆ ನನ್ನ ಅಂಗಡಿಯ ಉದಾಹರಣೆಯನ್ನೇ ಕೊಡುತ್ತೇನೆ. ಪ, ಬ, ಮ ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚಿ ತೆರೆಯುತ್ತದೆ. "ಮಳೆ" ಎಂದರೂ "ಬಳೆ" ಎಂದರೂ ನೋಟಕ್ಕೆ ಒಂದೇ. ಅದು ಸಂದರ್ಭದಿಂದ ತಿಳಿಯುತ್ತದೆ ಎನ್ನಿ. ಆದರೆ "ಎಪ್ಪತ್ತು" ಮತ್ತು "ಎಂಬತ್ತು"? ಕನ್ನಡಿಯ ಮುಂದೆ ನಿಂತು ಧ್ವನಿಯಿಲ್ಲದೆ ಎರಡನ್ನೂ ಹೇಳಿ ನೋಡಿ. ಎರಡೂ ಸಂಖ್ಯೆ, ಎರಡೂ ಬೆಲೆ, ಸಂದರ್ಭ ಏನೂ ನೆರವಾಗುವುದಿಲ್ಲ. ಸಗಟು ವ್ಯಾಪಾರಿಯೊಬ್ಬರ ಮುಂದೆ ನಾನು ಎಪ್ಪತ್ತೆಂದು ತಿಳಿದು ಇಪ್ಪತ್ತು ಚೀಲ ಬೆಲ್ಲಕ್ಕೆ ಒಪ್ಪಿ, ಬಿಲ್ಲಿನಲ್ಲಿ ಎಂಬತ್ತು ನೋಡಿದ ದಿನದಿಂದ ಸಂಖ್ಯೆಯನ್ನು ಬರೆಯಿಸದೆ ಯಾವ ವ್ಯವಹಾರವನ್ನೂ ಮಾಡುತ್ತಿಲ್ಲ. ಔಷಧಿಯ ಪ್ರಮಾಣ, ಬಸ್ಸಿನ ಸಮಯ, ದುಡ್ಡು, ಇವನ್ನು ನಿಮ್ಮ ಓರಗಿತ್ತಿಗೆ ಯಾವಾಗಲೂ ಬೆರಳಿನಲ್ಲೋ ಬರವಣಿಗೆಯಲ್ಲೋ ತಿಳಿಸಿ.

ಕಿರುಚುವುದರಿಂದ ಪ್ರಯೋಜನವಿಲ್ಲ, ಕಿರುಚಿದರೆ ಬಾಯಿಯ ಆಕಾರ ಕೆಡುತ್ತದೆ. ಕಿಟಕಿಗೆ ಬೆನ್ನು ಮಾಡಿ ನಿಂತರೆ ಮುಖ ಕಪ್ಪಾಗಿ ಕಾಣುತ್ತದೆ. ಮಾವನವರು ಎಲೆ ಅಡಿಕೆ ಹಾಕಿಕೊಳ್ಳುವವರಾದರೆ ಉಗುಳಿದ ಮೇಲೆ ಮಾತನಾಡಲಿ.

ಅವಳು ಕಿವಿ ಮಿಷನ್ ಬಳಸುತ್ತಾಳೋ ಇಲ್ಲವೋ ಎಂಬುದು ಅವಳ ಇಷ್ಟ. ಅದು ಮಾತನ್ನು ಮಾತ್ರ ಆರಿಸಿ ದೊಡ್ಡದು ಮಾಡಿಕೊಡುವುದಿಲ್ಲ. ಮಿಕ್ಸಿಯ ಸದ್ದು, ಪಾತ್ರೆ ಬೀಳುವ ಸದ್ದು ಎಲ್ಲವೂ ಒಟ್ಟಿಗೆ ತಲೆಯೊಳಗೆ ನುಗ್ಗುತ್ತವೆ. ಸಂಜೆ ಅದನ್ನು ತೆಗೆದಿಟ್ಟರೆ "ಏಕೆ ತೆಗೆದೆ" ಎಂದು ಕೇಳಬೇಡಿ. ಬಳಸುವುದಾದರೆ ಹಳ್ಳಿಯಲ್ಲಿ ಸೆಲ್ಲು ಸಿಗುವುದು ಕಷ್ಟ, ಪೇಟೆಯಿಂದ ಮೊದಲೇ ತಂದಿಟ್ಟುಕೊಳ್ಳಿ. ಹಿಂದಿನ ಬಣ್ಣದ ಪಟ್ಟಿಯನ್ನು ಮಾತ್ರ ಕುತೂಹಲಕ್ಕೆಂದು ಮಕ್ಕಳು ಕೀಳದಂತೆ ನೋಡಿಕೊಳ್ಳಿ, ಒಮ್ಮೆ ಕಿತ್ತು ಗಾಳಿ ತಾಗಿದರೆ ಬಳಸದಿದ್ದರೂ ಸೆಲ್ಲು ಖಾಲಿಯಾಗತೊಡಗುತ್ತದೆ.

ಆಂಡ್ರಾಯ್ಡ್ ಫೋನಿನ ಲೈವ್ ಟ್ರಾನ್ಸ್‌ಕ್ರೈಬ್ ಆ್ಯಪ್ ಕನ್ನಡ ಮಾತನ್ನು ಅಕ್ಷರವಾಗಿ ತೋರಿಸುತ್ತದೆ. ಒಬ್ಬರು ಸ್ಪಷ್ಟವಾಗಿ ಮಾತನಾಡಿದರೆ ನನಗೆ ಬಹಳ ಉಪಯೋಗವಾಗಿದೆ. ನಾಲ್ವರು ಒಟ್ಟಿಗೆ ಮಾತನಾಡಿದರೆ ಅದಕ್ಕೂ ತಿಳಿಯುವುದಿಲ್ಲ.

ಬೆಂಗಳೂರಿನಿಂದ, ಕಿವುಡ ತಂದೆತಾಯಿಯರ ಮಗ

ನನ್ನದು ಒಂದೇ ಕೋರಿಕೆ: ನಿಮ್ಮ ಮಕ್ಕಳು ಬೇಗ ಸನ್ನೆ ಕಲಿಯುತ್ತಾರೆ ಎಂದು ಅವರನ್ನು ಮನೆಯ ದುಭಾಷಿಗಳನ್ನಾಗಿ ಮಾಡಬೇಡಿ. ನನಗೆ ಹನ್ನೊಂದು ವರ್ಷವಿದ್ದಾಗ ಅಮ್ಮನನ್ನು ಪರೀಕ್ಷಿಸಿದ ವೈದ್ಯರೊಬ್ಬರು ಅವರ ಮುಖವನ್ನೇ ನೋಡದೆ ನನ್ನೊಡನೆ ಮಾತನಾಡಿ, ಗರ್ಭಕೋಶವನ್ನು ತೆಗೆಯಬೇಕಾಗುತ್ತದೆ ಎಂದರು. ಆ ಪದಕ್ಕೆ ನನಗೆ ಸನ್ನೆ ಗೊತ್ತಿರಲಿಲ್ಲ, ಅದರ ಅರ್ಥವೂ ಪೂರ್ತಿ ತಿಳಿದಿರಲಿಲ್ಲ. ಹೊಟ್ಟೆಯನ್ನು ತೋರಿಸಿ "ಕೊಯ್ಯುತ್ತಾರೆ" ಎಂದೆ. ಅಮ್ಮ ನನ್ನ ಮುಖ ನೋಡಿ, ನಾನು ಹೆದರಿದ್ದೇನೆಂದು ತಿಳಿದು, ತಾವು ಏನನ್ನೂ ಕೇಳದೆ ನನ್ನ ತಲೆ ಸವರಿದರು. ಕೇಳಬೇಕಾಗಿದ್ದ ಪ್ರಶ್ನೆಗಳನ್ನು ಅವರು ನನಗಾಗಿ ನುಂಗಿಕೊಂಡರು.

ಆಸ್ಪತ್ರೆ, ಬ್ಯಾಂಕು, ನೋಂದಣಿ ಕಚೇರಿ ಇಂಥ ಕಡೆ ತರಬೇತಿ ಪಡೆದ ದುಭಾಷಿ ಇರಬೇಕು. ಊರಿಗೆ ಬರಲಾಗದಿದ್ದರೆ ವಿಡಿಯೊ ಕರೆಯ ಮೂಲಕವೂ ಆಗುತ್ತದೆ. ಅವಳ ಬಳಿ ದುಭಾಷಿಗಳ ಸಂಪರ್ಕ ಇದ್ದೇ ಇರುತ್ತದೆ, ಕೇಳಿ ಬರೆದಿಟ್ಟುಕೊಳ್ಳಿ. ದುಭಾಷಿ ಇದ್ದಾಗಲೂ ಮಾತು ಅವಳ ಕಡೆಗೇ ಇರಲಿ. "ಅವಳಿಗೆ ಹೇಳಿ" ಎನ್ನಬೇಡಿ. ಒಳ್ಳೆಯ ದುಭಾಷಿಯಿದ್ದರೆ ಎಷ್ಟು ಸಾಧ್ಯ ಎಂಬುದಕ್ಕೆ ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ ಅವರನ್ನು ನೋಡಿ: 2023ರ ಸೆಪ್ಟೆಂಬರ್‌ನಲ್ಲಿ ಅವರು ಸುಪ್ರೀಂ ಕೋರ್ಟಿನಲ್ಲಿ, 2024ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿ ಸನ್ನೆ ಭಾಷೆಯ ದುಭಾಷಿಯ ಮೂಲಕ ಹಾಜರಾದರು.

ಮೈಸೂರಿನಿಂದ, ಕಿವುಡ ಮಗುವಿನ ತಾಯಿ

ಅತ್ತೆಯವರ ಆತಂಕದ ಬಗ್ಗೆ ಎರಡು ಮಾತು. ನಾನೂ ನನ್ನ ಯಜಮಾನರೂ ಚೆನ್ನಾಗಿ ಕೇಳಿಸಿಕೊಳ್ಳುವವರು, ನಮ್ಮ ಮಗಳು ಕಿವುಡಿ. ಹೆಚ್ಚಿನ ಕಿವುಡ ಮಕ್ಕಳು ಹುಟ್ಟುವುದು ಕೇಳುವ ತಂದೆತಾಯಿಯರಿಗೇ. ತಾಯಿ ಕಿವುಡಿ ಎಂದಮಾತ್ರಕ್ಕೆ ಮಗುವೂ ಕಿವುಡಾಗುತ್ತದೆ ಎಂದಲ್ಲ. ನಮ್ಮ ಕಡೆ ಸೋದರಮಾವನಿಗೆ ಕೊಡುವ ಪದ್ಧತಿಯಿಂದ ಅನುವಂಶಿಕ ಕಿವುಡುತನದ ಸಾಧ್ಯತೆ ಹೆಚ್ಚುತ್ತದೆ ಎಂಬುದನ್ನು ಮಾತ್ರ ತಿಳಿದಿರಬೇಕು. ಯಾವ ಮಗುವಾದರೂ ಹುಟ್ಟಿದ ಕೆಲವೇ ದಿನಗಳಲ್ಲಿ ಓ.ಎ.ಇ. ಎಂಬ ಶ್ರವಣ ಪರೀಕ್ಷೆ ಮಾಡಿಸಿ, ಮಗು ನಿದ್ರಿಸುತ್ತಿರುವಾಗಲೇ ಕಿವಿಯಲ್ಲಿ ಚಿಕ್ಕ ತುದಿಯೊಂದನ್ನು ಇಟ್ಟು ಮಾಡುತ್ತಾರೆ, ನೋವಿರುವುದಿಲ್ಲ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದರ ಮುಂದಿನ ಪರೀಕ್ಷೆಗಳೂ ನಡೆಯುತ್ತವೆ. ಒಂದುವೇಳೆ ಮಗುವಿಗೆ ಕೇಳಿಸದಿದ್ದರೂ, ನನ್ನ ಮಗಳಿಗೆ ಮೊದಲ ಮೂರು ವರ್ಷ ಇಲ್ಲದಿದ್ದದ್ದು ಅದಕ್ಕೆ ಹುಟ್ಟಿದ ದಿನವೇ ಇರುತ್ತದೆ: ಅದರ ಭಾಷೆಯನ್ನು ಬಲ್ಲ ತಾಯಿ.

ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಇವೆಲ್ಲವನ್ನೂ ಅತ್ತೆಯವರಿಗೆ ಓದಿ ಹೇಳಿದೆ. ಜೋಲಿಯ ಹಗ್ಗದ ಭಾಗವನ್ನು ಎರಡು ಸಲ ಓದಿಸಿದರು. ಬಲ್ಬಿಗೆ ಎಲೆಕ್ಟ್ರಿಷಿಯನ್‌ನನ್ನು ಮಾವನವರೇ ಕರೆಸುತ್ತೇನೆ ಎಂದಿದ್ದಾರೆ. ಒಂದು ಸಂದೇಹ ಉಳಿದಿದೆ: ನಮ್ಮ ಅಡುಗೆಮನೆಯಲ್ಲಿ ಒಲೆ ಗೋಡೆಯ ಕಡೆಗಿದೆ, ಅಡುಗೆ ಮಾಡುವವರ ಬೆನ್ನು ಬಾಗಿಲಿಗೆ ಬರುತ್ತದೆ. ಯಾರು ಬಂದರೂ ಅವಳಿಗೆ ಕಾಣುವುದಿಲ್ಲ.

ದಾವಣಗೆರೆಯಿಂದ

ನಮ್ಮ ಮನೆಯಲ್ಲೂ ಹಾಗೆಯೇ ಇತ್ತು. ಒಲೆಯ ಹಬೆ ತಾಗದಂತೆ ಸ್ವಲ್ಪ ಪಕ್ಕಕ್ಕೆ, ಬಾಗಿಲು ಕಾಣುವ ಹಾಗೆ ಗೋಡೆಗೆ ಒಂದು ಚಿಕ್ಕ ಕನ್ನಡಿ ಹಾಕಿಸಿ. ಆದರೆ ಮೊಳೆಯನ್ನು ಈಗಲೇ ಹೊಡೆಯಬೇಡಿ. ಅವಳು ಬಂದು ಒಲೆಯ ಮುಂದೆ ನಿಂತು, ಇಲ್ಲಿ ಎಂದು ತೋರಿಸಿದ ಮೇಲೆ ಹೊಡೆಯಿರಿ, ಕನ್ನಡಿ ಅವಳ ಕಣ್ಣಿನ ಎತ್ತರಕ್ಕೆ ಬರಬೇಕು.